ಗುಡ್ಡಗಾಡು ಓಟಕ್ಕೆ ನಾವು ದಾರಿ ಹದ ಮಾಡೋದು ಹೀಗೆ

ಗುಡ್ಡಗಾಡು ಓಟಕ್ಕೆ ಓಡುವವರು ಬೇಕಾದಷ್ಟು ಸಿಗ್ತಾರೆ. ದಾರಿ ಮಾಡೋಕೆ ಬನ್ನಿ ಅಂದರೆ ಫೋನೇ ಎತ್ತೋದಿಲ್ಲ. ಧಾರವಾಡದಲ್ಲಿ ನಮ್ಮದೊಂದು ಓಟದ ಬಳಗ ಇದೆ. ಮಾಸ್ತರರು, ಬ್ಯಾಂಕಿನವರು, ಕಾಲೇಜು ಹುಡುಗ ಹುಡುಗಿಯರು ಎಲ್ಲ ಇದ್ದಾರೆ. ಅಮ್ಮಿನಬಾವಿ ರಸ್ತೆಯ ಕಡೆ, ಹೊಲಗಳ ನಡುವೆ ಓಡುತ್ತೇವೆ. ಹಿಂಗಾರಿ ಮಳೆ ನಿಂತ ಮೇಲೆ ಆ ದಾರಿ ಸಜ್ಜು ಮಾಡಿಸೋದು ನನ್ನ ಕೆಲಸ.

ಅಂತರರಾಷ್ಟ್ರೀಯ ನಿಯಮದಲ್ಲಿ ಒಂದು ಸುತ್ತು 1,500ರಿಂದ 2,000 ಮೀಟರ್ ಇರಬೇಕು. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 2017ರಿಂದ ಗಂಡಸರಿಗೂ ಹೆಂಗಸರಿಗೂ 10 ಕಿ.ಮೀ. ಓಟ. ಅಂದರೆ ಒಂದೇ ದಾರಿಯನ್ನು ಐದಾರು ಸಲ ಎಲ್ಲರೂ ತುಳಿಯುತ್ತಾರೆ. ಮೊದಲ ಸುತ್ತಿನಲ್ಲಿ ಚೆಂದ ಕಂಡ ಜಾಗ ಕೊನೆಯ ಸುತ್ತಿಗೆ ಕೆಟ್ಟು ಹೋಗಿರುತ್ತದೆ. ಸಿದ್ಧತೆಯೆಲ್ಲ ಅದಕ್ಕೇ.

ನಮ್ಮ ಸುತ್ತಿನ ಅರ್ಧ ಮಸಾರಿ, ಅಂದರೆ ಕೆಂಪು ಮಣ್ಣು; ಅರ್ಧ ಎರಿ, ಅಂದರೆ ಕಪ್ಪು ಮಣ್ಣು. ದಿನ್ನೆ ಮೇಲಿನ ಮಸಾರಿಯಲ್ಲಿ ನೀರಿನದೇ ಕಾಟ. ಮಳೆಗಾಲದಲ್ಲಿ ನೀರು ದಾರಿಯನ್ನೇ ಹಳ್ಳ ಮಾಡಿಕೊಂಡು ಹರಿದಿರುತ್ತದೆ. ಹೊಸಬರು ಬಂದವರೇ ಬುಟ್ಟಿ ತುಂಬಿ ಗರಸು ಸುರಿಯೋಕೆ ಹೋಗ್ತಾರೆ. ಸುಮ್ನೆ ದಂಡ. ಮೊದಲು ನೀರನ್ನು ದಾರಿ ಬಿಡಿಸಬೇಕು. ಇಳಿಜಾರಿಗೆ ಅಡ್ಡಲಾಗಿ, ಆದರೆ ಓರೆಯಾಗಿ, ಕಲ್ಲಿನ ಸಾಲು ಹೂಳುತ್ತೇವೆ. ನೆಟ್ಟಗೆ ಅಡ್ಡ ಇಟ್ಟರೆ ಹಿಂದೆ ಹೂಳು ತುಂಬಿ ನೀರು ಮೇಲೆ ಹತ್ತಿ ಬರುತ್ತದೆ. ಓರೆ ಇದ್ದರೆ ತಗ್ಗಿನ ತುದಿಯಿಂದ ಪಕ್ಕಕ್ಕೆ ಹೋಗುತ್ತದೆ. ಆ ತುದಿಯ ಕಸ, ಮಣ್ಣು ತೆಗೆಯುತ್ತಿರಬೇಕು, ಅಷ್ಟೇ. ಗುಂಡಿ ತುಂಬೋದು ಆಮೇಲೆ. ದಾರಿ ಬದಿಯ ಕಾಂಗ್ರೆಸ್ ಕಸವನ್ನು ಹೂ ಬಿಡುವ ಮುಂಚೆ, ನೆಲ ಹಸಿ ಇರುವಾಗಲೇ ಬೇರು ಸಮೇತ ಕೀಳುತ್ತೇವೆ. ಕೈಗವಸು ಬೇಕೇ ಬೇಕು, ಇಲ್ಲದಿದ್ದರೆ ವಾರವಿಡೀ ತುರಿಕೆ.

ಎರಿ ನೆಲದ ಕಥೆ ಬೇರೆ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಡಿಸೆಂಬರ್ ಹೊತ್ತಿಗೆ ಅಂಗೈ ಇಳಿಯುವಷ್ಟು ಬಿರುಕು. ಓಡುವಾಗ ಪಾದ ಸಿಕ್ಕಿಕೊಂಡರೆ ಹಿಮ್ಮಡಿ ಗಂಟು ಹೋಯಿತು ಅಂತಲೇ. ನೀರು ಹಾಕಿ ರೋಲರ್ ಹೊಡೆಸೋಣ ಅಂತ ಒಬ್ಬ ಹುಡುಗ ಹೇಳಿದ. ಹೊಲದ ಕಾಕಾ ನಕ್ಕರು: 'ತಮ್ಮಾ, ಎರಿಗೆ ನೀರ ಹಾಕಿ ತುಳದ್ರ ಒಣಗಿದ ಮ್ಯಾಲೆ ಇಟ್ಟಂಗಿ ಆಕ್ಕೇತಿ. ಮತ್ತ ಬಿರೀತೈತಿ. ಕುಂಟಿ ಹೊಡೀರಿ.'

ಹಿಂಗಾರಿ ಜೋಳದಲ್ಲಿ ರೈತರು ಮಾಡೋದೇ ಇದು. ಸಾಲಿನ ನಡುವೆ ಕುಂಟೆ (ಮೇಲ್ಮಣ್ಣು ಸಡಿಲಿಸೋಕೆ ಎತ್ತು ಎಳೆಯುವ ಸಾಧನ) ಹೊಡೆದರೆ ಮೇಲಿನ ಮಣ್ಣು ಸಡಿಲಾಗಿ ಬಿರುಕಿಗೆ ಇಳಿಯುತ್ತದೆ, ಕೆಳಗಿನ ಹಸಿಯೂ ಉಳಿಯುತ್ತದೆ. ಕಾಕಾ ಎತ್ತು ಹೂಡಿ ನಮ್ಮ ದಾರಿಯ ಉದ್ದಕ್ಕೂ ಕುಂಟೆ ಎಳೆಸಿದರು. ಕುಡ, ಅಂದರೆ ಕುಂಟೆಯ ಅಲಗು, ನೆಲದೊಳಗೆ ಮೂರು ಬೆರಳು ಇಳಿದು ಸರ್ ಅಂತ ಹೋಗುತ್ತದೆ. ಹಿಂದೆಯೇ ಮಣ್ಣು ಪುಡಿಯಾಗಿ ಬಿರುಕಿಗೆ ಜಾರುತ್ತದೆ. ಮೇಲೆ ಕೊರಡು ಹೊಡೆದರೆ ಸಮ. ಕಾಲಿಗೆ ಮೆತ್ತಗೆ, ಆದರೆ ಕುಸಿಯೋದಿಲ್ಲ.

ಹೊತ್ತು ಮಾತ್ರ ತಪ್ಪಬಾರದು. ಇಬ್ಬನಿ ಇರುವಾಗ ಶುರು ಮಾಡಿ, ಬಿಸಿಲು ಏರುವ ಮುಂಚೆ ಮುಗಿಸಬೇಕು. ತಡವಾದರೆ ಬರೀ ಹೆಂಟೆ. ಹಿಮದ ನಾಡುಗಳಲ್ಲಿ ಸ್ಕೀ ದಾರಿಯನ್ನು ಹೆಚ್ಚಾಗಿ ಸಂಜೆ ಮೇಲೆ ಯಂತ್ರದಿಂದ ಹದ ಮಾಡ್ತಾರೆ. ರಾತ್ರಿಯ ಚಳಿಗೆ ಹಿಮ ಗಟ್ಟಿ ಕೂಡಿಕೊಳ್ಳಲಿ ಅಂತ. ಅವರಿಗೆ ರಾತ್ರಿ, ನಮಗೆ ನಸುಕು.

ನಸುಕಿನಲ್ಲಿ ಜನ ಬರಬೇಕಲ್ಲ, ಅದೇ ಕಷ್ಟ. ನನ್ನ ಉಪಾಯ ಸೂಸಲಾ ಮತ್ತು ಚಹಾ. ಕೆಲಸ ಮುಗಿದ ಮೇಲೆ ಬದುವಿನ ಮೇಲೆ ಕೂತು ತಿನ್ನೋದು ಇದೆ ಅಂದರೆ ನಾಲ್ಕು ಜನ ಜಾಸ್ತಿ ಬರ್ತಾರೆ. ಎಳ್ಳಮಾವಾಸ್ಯೆಗೆ ಕಾಕಾ ನಮ್ಮನ್ನೂ ಕರೆಯುತ್ತಾರೆ. ಅವರ ಮನೆಯವರು ಹೊಲದಲ್ಲಿ ಚರಗ (ಭೂಮಿತಾಯಿಗೆ ನೈವೇದ್ಯ) ಚೆಲ್ಲಿದ ಮೇಲೆ ಸಜ್ಜಿ ರೊಟ್ಟಿ, ಎಣಗಾಯಿ, ಪುಂಡಿ ಪಲ್ಲೆ. ಅವತ್ತು ಓಟ ಯಾರಿಗೂ ನೆನಪಿರೋದಿಲ್ಲ.

ಒಂದು ಕರಾರು ಮಾತ್ರ ಇದೆ. ಬಿತ್ತಿದ ಹೊಲದಲ್ಲಿ ಕಾಲಿಡುವಂತಿಲ್ಲ. ಅದಕ್ಕೆ ನಾವು ಕಾವಲು ನಿಲ್ಲಬೇಕಾಗಿಲ್ಲ. ದನ ಬರದಿರಲಿ ಅಂತ ಜೋಳದ ಅಂಚಿಗೆ ಕುಸುಬಿ ಹಾಕಿರ್ತಾರಲ್ಲ, ತಿರುವಿನಲ್ಲಿ ಅಡ್ಡದಾರಿ ಹಿಡಿಯೋಕೆ ಹೋದವರ ಮೊಣಕಾಲಿಗೆ ಅದರ ಮುಳ್ಳೇ ಉತ್ತರ ಕೊಡುತ್ತದೆ. ಪ್ರವೇಶ ಶುಲ್ಕದಲ್ಲಿ ಉಳಿದ ದುಡ್ಡು ಎತ್ತಿನ ಮೇವಿಗೆ ಹೋಗುತ್ತದೆ. ಈ ಸಲ ಇಬ್ಬರು ಹುಡುಗಿಯರು ತಾವೇ ಕುಂಟೆ ಹಿಡಿಯೋದು ಕಲಿಯುತ್ತಿದ್ದಾರೆ. ಸಾಲು ಇನ್ನೂ ಸೊಟ್ಟ. ಎತ್ತುಗಳಿಗೆ ದಾರಿ ಗೊತ್ತಿರೋದರಿಂದ ಸದ್ಯ ನಡೆಯುತ್ತಿದೆ.