ಹಾಟ್ ಡಾಗ್ ಫ್ರೀಜರ್‌ನಲ್ಲಿ ಇಡುವುದು: ರುಚಿ, ರಸ ಎರಡೂ ಕೆಡದಂತೆ

ಹಾಟ್ ಡಾಗ್ ಸಾಸೇಜುಗಳನ್ನು ಫ್ರೀಜರ್‌ನಲ್ಲಿ ಧಾರಾಳವಾಗಿ ಇಡಬಹುದು. ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ಹಾಗಾಗಿ ಎಷ್ಟು ತಿಂಗಳಾದರೂ ತಿನ್ನಲು ಅಪಾಯವಿಲ್ಲ. ಆದರೆ ರುಚಿ ಚೆನ್ನಾಗಿರುವುದು ಒಂದರಿಂದ ಎರಡು ತಿಂಗಳು ಮಾತ್ರ. ಹಸಿ ಮಾಂಸದ ದೊಡ್ಡ ತುಂಡು ಅದೇ ಫ್ರೀಜರ್‌ನಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚು ಕಾಲ ಇರುತ್ತದೆ. ಹಾಟ್ ಡಾಗ್ ಯಾಕೆ ಇಷ್ಟು ಬೇಗ ಸೊರಗುತ್ತದೆ ಎಂಬುದು ಗೊತ್ತಾದರೆ ಏನು ಮಾಡಬೇಕು ಎಂಬುದೂ ತಾನಾಗಿ ಗೊತ್ತಾಗುತ್ತದೆ.

ಮಾಂಸ, ಕೊಬ್ಬು, ನೀರು, ಉಪ್ಪನ್ನು ನುಣ್ಣಗೆ ಅರೆದು ಬೇಯಿಸಿದ್ದು ಈ ಸಾಸೇಜ್. ಕೊಬ್ಬಿನ ಸಣ್ಣ ಸಣ್ಣ ಹನಿಗಳನ್ನೂ ನೀರನ್ನೂ ಮಾಂಸದ ಪ್ರೋಟೀನ್ ಬಲೆಯ ಹಾಗೆ ಹಿಡಿದಿಟ್ಟುಕೊಂಡಿರುತ್ತದೆ. ನಿಧಾನವಾಗಿ ಹೆಪ್ಪುಗಟ್ಟಿದರೆ ಒಳಗಿನ ನೀರು ದೊಡ್ಡ ಹರಳುಗಳಾಗಿ ಆ ಬಲೆಯನ್ನು ಹರಿದುಹಾಕುತ್ತದೆ. ಕರಗಿದಾಗ ನೀರು ಸೋರಿಹೋಗಿ, ಕಚ್ಚಿದರೆ ಪುಡಿಪುಡಿಯಾಗುವ ಒಣ ಸಾಸೇಜ್ ಉಳಿಯುತ್ತದೆ. ಬೇಗ ಹೆಪ್ಪುಗಟ್ಟಿದರೆ ಹರಳುಗಳು ಸಣ್ಣವು, ಹಾನಿಯೂ ಕಡಿಮೆ.

ಎರಡನೆಯ ತೊಂದರೆ ಗಾಳಿಯದು. ಕೊಬ್ಬಿಗೆ ಆಮ್ಲಜನಕ ತಗುಲಿದರೆ ಕಮಟು ವಾಸನೆ ಬರುತ್ತದೆ. ಫ್ರೀಜರ್‌ನ ಚಳಿ ಇದನ್ನು ನಿಧಾನಗೊಳಿಸುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಉಪ್ಪಂತೂ ಅದಕ್ಕೆ ಇನ್ನಷ್ಟು ವೇಗ ಕೊಡುತ್ತದೆ. ಕೋಳಿ, ಟರ್ಕಿ ಮಾಂಸದ ಹಾಟ್ ಡಾಗ್‌ಗಳ ಕೊಬ್ಬು ದನ ಅಥವಾ ಕುರಿಯ ಕೊಬ್ಬಿಗಿಂತ ಬೇಗ ಕಮಟುತ್ತದೆ, ಆದ್ದರಿಂದ ಅವನ್ನು ಒಂದು ತಿಂಗಳೊಳಗೇ ಮುಗಿಸುವುದು ಒಳ್ಳೆಯದು. ಚೀಲದೊಳಗೆ ಗಾಳಿ ಉಳಿದಿದ್ದರೆ ಮೇಲ್ಮೈಯ ಮಂಜು ನೇರವಾಗಿ ಆವಿಯಾಗಿ ಹೋಗುವುದೂ ಉಂಟು. ಆಗ ಅಲ್ಲಲ್ಲಿ ಬಿಳಿಚಿದ, ಬೂದು ಬಣ್ಣದ ಗಡಸು ಕಲೆಗಳು ಕಾಣುತ್ತವೆ. ಫ್ರೀಜರ್ ಬರ್ನ್ ಅನ್ನುವುದು ಇದನ್ನೇ.

ಯಾವಾಗ ಫ್ರೀಜರ್‌ಗೆ ಹಾಕುತ್ತೀರಿ ಎಂಬುದರ ಮೇಲೂ ಬಹಳಷ್ಟು ನಿಂತಿದೆ. 4 ಡಿಗ್ರಿ ಅಥವಾ ಅದಕ್ಕೂ ತಣ್ಣಗಿನ ಫ್ರಿಜ್‌ನಲ್ಲಿ ಒಡೆಯದ ಪ್ಯಾಕೆಟ್ ಎರಡು ವಾರ, ಒಡೆದದ್ದು ಒಂದು ವಾರ ಇರುತ್ತದೆ. ಆ ಗಡುವಿನ ಕೊನೆಯ ದಿನ ಫ್ರೀಜ್ ಮಾಡಿದರೆ ಸಿಗುವುದು ಕೊನೆಯ ದಿನದ ಸಾಸೇಜೇ. ಇದು ಬರಿಯ ರುಚಿಯ ಮಾತಲ್ಲ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಜ್‌ನ ತಂಪಿನಲ್ಲೂ ಬೆಳೆಯಬಲ್ಲದು, ಫ್ರೀಜರ್‌ನಲ್ಲಿ ಅದು ಸಾಯುವುದೂ ಇಲ್ಲ, ಸುಮ್ಮನೆ ಮಲಗಿರುತ್ತದೆ. ಆದ್ದರಿಂದ ಈ ವಾರ ಬೇಡ ಅನ್ನಿಸಿದ್ದನ್ನು ತಂದ ದಿನವೇ ಫ್ರೀಜರ್‌ಗೆ ಹಾಕಿ. ಕೈಗೆ ಲೋಳೆ ಹತ್ತಿದರೆ, ಹುಳಿ ವಾಸನೆ ಬಂದರೆ ಫ್ರೀಜ್ ಮಾಡುವ ಯೋಚನೆಯೇ ಬೇಡ, ಎಸೆಯಿರಿ.

ಪ್ಯಾಕೆಟ್ ಒಡೆದಿಲ್ಲವೆಂದರೆ ಕೆಲಸ ಸುಲಭ. ಕಾರ್ಖಾನೆಯಲ್ಲಿ ಗಾಳಿ ತೆಗೆದು ಮುಚ್ಚಿದ ಪ್ಯಾಕೆಟನ್ನು ಹಾಗೆಯೇ ಇಡಬಹುದು. ಆದರೆ ಆ ಪ್ಲಾಸ್ಟಿಕ್ ತೆಳ್ಳಗಿರುತ್ತದೆ, ಚಳಿಯಲ್ಲಿ ಬಿರುಸಾಗಿ ಬೇರೆ ಸಾಮಾನು ತಾಗಿದರೆ ತೂತು ಬೀಳುತ್ತದೆ. ಅದಕ್ಕೇ ಇಡೀ ಪ್ಯಾಕೆಟನ್ನು ಫ್ರೀಜರ್‌ಗೆಂದೇ ಬರುವ ದಪ್ಪ ಜಿಪ್ ಚೀಲದೊಳಗೆ ಹಾಕಿ ಗಾಳಿ ಒತ್ತಿ ತೆಗೆಯಿರಿ. ಒಂದೇ ಸಲಕ್ಕೆ ಇಡೀ ಪ್ಯಾಕೆಟ್ ಖರ್ಚಾಗುವ ಮನೆಗೆ ಇಷ್ಟು ಸಾಕು. ಎರಡು ಮೂರು ಮಾತ್ರ ಬೇಕಾಗುವ ಮನೆಗೆ ಇದು ಸರಿಹೋಗುವುದಿಲ್ಲ, ಯಾಕೆಂದರೆ ಎಲ್ಲವೂ ಒಂದಕ್ಕೊಂದು ಅಂಟಿ ಗಟ್ಟಿಯಾಗಿರುತ್ತವೆ. ಚಾಕು ತೂರಿಸಿ ಬಿಡಿಸಲು ಹೋದರೆ ಕೈ ಕೊಯ್ದುಕೊಳ್ಳುವುದು ಬಹಳ ಸುಲಭ.

ಬಿಡಿಬಿಡಿಯಾಗಿ ಹೆಪ್ಪುಗಟ್ಟಿಸುವುದು

ನಮ್ಮ ಮಟ್ಟಿಗೆ ಒಳ್ಳೆಯ ವಿಧಾನ ಇದೇ. ಪ್ಯಾಕೆಟ್ ಒಡೆದು ಒಳಗಿನ ಉಪ್ಪುನೀರನ್ನು ಬಸಿದುಬಿಡಿ. ಪ್ರತಿ ಸಾಸೇಜನ್ನೂ ಟಿಶ್ಯೂ ಪೇಪರಿನಲ್ಲಿ ಹೊರಳಿಸಿ, ತುದಿಯ ಸುಕ್ಕುಗಳಲ್ಲಿ ನಿಂತ ನೀರೂ ಹೋಗುವ ಹಾಗೆ ಒರೆಸಿ. ತೊಳೆಯಬೇಡಿ. ಈ ಒರೆಸುವ ಕೆಲಸವನ್ನು ಬಿಡುವವರೇ ಹೆಚ್ಚು, ಆದರೆ ಸಾಸೇಜುಗಳು ಒಂದಕ್ಕೊಂದು ಅಂಟುವುದು ಆ ನೀರಿನಿಂದಲೇ.

ಲೋಹದ ಟ್ರೇ ಮೇಲೆ ಬೇಕಿಂಗ್ ಪೇಪರ್ ಹಾಸಿ, ಒಂದೊಂದರ ನಡುವೆ ಒಂದು ಬೆರಳಿನಷ್ಟು ಜಾಗ ಬಿಟ್ಟು ಜೋಡಿಸಿ. ಲೋಹ ಬೇಗ ತಣ್ಣಗಾಗುತ್ತದೆ, ಪ್ಲಾಸ್ಟಿಕ್ ಟ್ರೇಯಲ್ಲಿ ತಡವಾಗುತ್ತದೆ. ಖಾಲಿ ಟ್ರೇಯನ್ನು ಅರ್ಧ ಗಂಟೆ ಮೊದಲೇ ಫ್ರೀಜರ್‌ನಲ್ಲಿಟ್ಟಿದ್ದರೆ ಇನ್ನೂ ಒಳ್ಳೆಯದು. ಟ್ರೇಯನ್ನು ತೀರ ಹಿಂದಕ್ಕೆ, ಅತಿ ತಣ್ಣಗಿರುವ ಕಡೆ ಇಡಿ. ಒಂದರಿಂದ ಎರಡು ಗಂಟೆಯಲ್ಲಿ ಹೊರಮೈ ಗಟ್ಟಿಯಾಗುತ್ತದೆ. ಬೆರಳಿನಿಂದ ಒತ್ತಿ ನೋಡಿ, ಸ್ವಲ್ಪವೂ ತಗ್ಗಬಾರದು. ರಾತ್ರಿಯಿಡೀ ಹಾಗೇ ಬಯಲಾಗಿ ಬಿಟ್ಟರೆ ಮೇಲ್ಮೈ ಒಣಗಲು ಶುರುವಾಗುತ್ತದೆ, ಆದ್ದರಿಂದ ಗಟ್ಟಿಯಾದ ತಕ್ಷಣ ಚೀಲಕ್ಕೆ ಹಾಕಬೇಕು.

ಚೀಲದಲ್ಲಿ ಒಂದೇ ಸಾಲಾಗಿ ಮಲಗಿಸಿ. ಗಾಳಿ ತೆಗೆಯಲು ಯಂತ್ರ ಇಲ್ಲದಿದ್ದರೆ, ಜಿಪ್ಪನ್ನು ಒಂದು ಇಂಚು ಬಿಟ್ಟು ಮುಚ್ಚಿ, ಬಾಯಿ ಮೇಲಿರುವಂತೆ ಚೀಲವನ್ನು ನೀರಿನ ಪಾತ್ರೆಯಲ್ಲಿ ನಿಧಾನವಾಗಿ ಇಳಿಸಿ. ಸುತ್ತಲಿನ ನೀರು ಒತ್ತುತ್ತಾ ಗಾಳಿಯನ್ನು ಮೇಲಕ್ಕೆ ನೂಕುತ್ತದೆ. ನೀರು ಜಿಪ್ಪಿನ ಹತ್ತಿರ ಬಂದಾಗ ಉಳಿದ ಒಂದು ಇಂಚನ್ನೂ ಮುಚ್ಚಿ, ಹೊರಗಡೆ ಒರೆಸಿ. ವ್ಯಾಕ್ಯೂಮ್ ಸೀಲರ್ ಇದ್ದವರೂ ಮೊದಲು ಟ್ರೇಯಲ್ಲಿ ಗಟ್ಟಿಮಾಡಿಯೇ ಸೀಲ್ ಮಾಡಿ. ಮೆತ್ತಗಿರುವಾಗ ಮಾಡಿದರೆ ಸಾಸೇಜ್ ಹಿಂಡಿ ಚಪ್ಪಟೆಯಾಗುತ್ತದೆ, ರಸವೂ ಸೀಲಿನ ಕಡೆಗೆ ಎಳೆದು ಬಂದು ಅಂಟು ಕೂರುವುದಿಲ್ಲ. ಅಲ್ಯೂಮಿನಿಯಂ ಫಾಯಿಲನ್ನು ನೇರವಾಗಿ ಸುತ್ತಬೇಡಿ. ಉಪ್ಪು ತಾಗಿ ಫಾಯಿಲ್‌ನಲ್ಲಿ ಸಣ್ಣ ತೂತುಗಳಾಗುತ್ತವೆ. ಫಾಯಿಲ್ ಬೇಕೇ ಬೇಕೆಂದರೆ ಒಳಗೆ ಕ್ಲಿಂಗ್ ಫಿಲ್ಮ್ ಇರಲಿ.

ಚೀಲದ ಮೇಲೆ ದಿನಾಂಕ, ಎಷ್ಟಿವೆ, ಯಾವ ಮಾಂಸ ಎಂದು ಬರೆಯಿರಿ. ಒಂದೇ ದಿನ ಫ್ರೀಜರ್ ತುಂಬ ಹೊಸ ಸಾಮಾನು ತುಂಬಬೇಡಿ. 28 ಲೀಟರ್ ಜಾಗಕ್ಕೆ ದಿನಕ್ಕೆ ಒಂದೂಕಾಲು ಕಿಲೋ ಆದರೆ ಸಾಕು. ಅದಕ್ಕಿಂತ ಹೆಚ್ಚಾದರೆ ಎಲ್ಲವೂ ನಿಧಾನವಾಗಿ ಹೆಪ್ಪುಗಟ್ಟುತ್ತವೆ. ಬಾಗಿಲಿನ ಅರೆಯಲ್ಲಂತೂ ಇಡಲೇಬೇಡಿ, ಪ್ರತಿ ಸಲ ತೆರೆದಾಗಲೂ ಅಲ್ಲಿ ಶಾಖ ಏರಿ ಇಳಿಯುತ್ತದೆ. ತುಂಡು ಮಾಡಿ ಇಡುವುದೂ ಬೇಡ. ಕತ್ತರಿಸಿದಷ್ಟೂ ಗಾಳಿಗೆ ತೆರೆದ ಮೈ ಹೆಚ್ಚು, ಕಮಟು ಬರುವುದೂ ಬೇಗ.

ಬನ್ನುಗಳನ್ನು ಬೇರೆ ಚೀಲದಲ್ಲಿ ಇಡಿ. ಸಾಸೇಜನ್ನು ಬನ್ನಿನೊಳಗೇ ಇಟ್ಟು ಫ್ರೀಜ್ ಮಾಡಿದರೆ ಕರಗುವಾಗ ಇಳಿಯುವ ನೀರಿಗೆ ಬನ್ನು ಮುದ್ದೆಯಾಗುತ್ತದೆ. ಸಾಸ್ ಹಾಕಿದ್ದಾದರೆ ಇನ್ನೂ ಕೆಡುತ್ತದೆ. ಬೇಯಿಸಿ ಮಿಕ್ಕಿದ್ದನ್ನೂ ಫ್ರೀಜ್ ಮಾಡಬಹುದು, ಒಲೆಯಿಂದ ಇಳಿಸಿದ ಎರಡು ಗಂಟೆಯೊಳಗೆ ತಣಿಸಿ ಒಳಗಿಡಬೇಕು ಅಷ್ಟೆ. ಆದರೆ ಎರಡನೆಯ ಸಲ ಬಿಸಿಮಾಡಿದಾಗ ಅದು ಸ್ವಲ್ಪ ಗಡಸಾಗುತ್ತದೆ.

ಕರಗಿಸುವುದು, ಬೇಯಿಸುವುದು

ಹಿಂದಿನ ರಾತ್ರಿ ಫ್ರಿಜ್‌ಗೆ ಇಳಿಸುವುದೇ ಉತ್ತಮ. ಬಿಡಿಯಾಗಿ ಹೆಪ್ಪುಗಟ್ಟಿದ್ದು ಬೆಳಗ್ಗೆಗೆ ಸಿದ್ಧ, ಗಟ್ಟಿ ಪ್ಯಾಕೆಟ್‌ಗೆ ಪೂರ್ತಿ ಒಂದು ದಿನ ಬೇಕು. ಚೀಲದ ಕೆಳಗೆ ಒಂದು ತಟ್ಟೆ ಇರಲಿ. ಅವಸರವಿದ್ದರೆ ಸೋರದ ಚೀಲದಲ್ಲಿ ಹಾಕಿ ತಣ್ಣೀರಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸಿ, ಕರಗಿದ ಕೂಡಲೇ ಬೇಯಿಸಿ. ಅಡುಗೆಕಟ್ಟೆಯ ಮೇಲೆ ಬಿಟ್ಟು ಕರಗಿಸುವುದು ತಪ್ಪು. ಒಳಗೆ ಇನ್ನೂ ಮಂಜು ಇರುವಾಗಲೇ ಹೊರಮೈ ಬ್ಯಾಕ್ಟೀರಿಯಾ ಬೆಳೆಯುವಷ್ಟು ಬೆಚ್ಚಗಾಗಿರುತ್ತದೆ.

ಕರಗಿಸದೆ ನೇರವಾಗಿ ನೀರಿಗೆ ಹಾಕುವುದೂ ಸರಿಯೇ, ಮಾಮೂಲಿಗಿಂತ ಒಂದೂವರೆ ಪಟ್ಟು ಹೊತ್ತು ಹಿಡಿಯುತ್ತದೆ. ನೀರು ಕೊತಕೊತ ಕುದಿಯಬಾರದು, ತಳದಿಂದ ಸಣ್ಣ ಗುಳ್ಳೆ ಏಳುತ್ತಿದ್ದರೆ ಸಾಕು. ಜೋರು ಕುದಿಯಲ್ಲಿ ಸಾಸೇಜ್ ಸೀಳಿ ರಸವೆಲ್ಲ ನೀರುಪಾಲಾಗುತ್ತದೆ. ಕೆಂಡ ಅಥವಾ ಬಾಣಲೆಗೆ ಮಾತ್ರ ಕರಗಿಸಿಯೇ ಹಾಕಿ, ಇಲ್ಲವಾದರೆ ಹೊರಗೆ ಕರಟಿ ಒಳಗೆ ತಣ್ಣಗೇ ಉಳಿಯುತ್ತದೆ. ಒಳಗಿನ ಬಿಸಿ 74 ಡಿಗ್ರಿ ಮುಟ್ಟಬೇಕು, ಕತ್ತರಿಸಿದರೆ ಹಬೆ ಏಳಬೇಕು. ಗರ್ಭಿಣಿಯರು, ವಯಸ್ಸಾದವರು, ರೋಗನಿರೋಧಕ ಶಕ್ತಿ ಕಡಿಮೆಯಿರುವವರು ಇದರಲ್ಲಿ ಯಾವ ರಿಯಾಯಿತಿಯನ್ನೂ ತೆಗೆದುಕೊಳ್ಳಬಾರದು.

ಫ್ರಿಜ್‌ನಲ್ಲೇ ಕರಗಿದ್ದನ್ನು ಬೇಯಿಸದೆ ಮತ್ತೆ ಫ್ರೀಜ್ ಮಾಡಿದರೆ ಅಪಾಯವಿಲ್ಲ, ಆದರೆ ರಸ ಇನ್ನೊಮ್ಮೆ ಸೋರಿಹೋಗಿ ಸಾಸೇಜ್ ಸಪ್ಪೆಯಾಗುತ್ತದೆ. ತಣ್ಣೀರಲ್ಲೋ ಮೈಕ್ರೋವೇವ್‌ನಲ್ಲೋ ಕರಗಿಸಿದ್ದನ್ನು ಬೇಯಿಸಿದ ಮೇಲೆಯೇ ಮತ್ತೆ ಇಡಬೇಕು. ಕರೆಂಟ್ ಹೋದಾಗ ಬಾಗಿಲು ತೆರೆಯದಿದ್ದರೆ ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಂಪು ಹಿಡಿದಿರುತ್ತದೆ. ಕರೆಂಟ್ ಬಂದಾಗ ಸಾಸೇಜಿನಲ್ಲಿ ಮಂಜಿನ ಹರಳು ಇನ್ನೂ ಕಾಣುತ್ತಿದ್ದರೆ ಹಾಗೇ ಇಡಬಹುದು.

ಫ್ರೀಜರ್ ಬರ್ನ್ ಕಲೆ ಬಿದ್ದಿದ್ದರೆ ಅಷ್ಟನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಸೂಪ್‌ಗೋ ಬೀನ್ಸ್ ಜೊತೆಗೋ ಬೇಯಿಸಿ. ಹಳೆಯ ಎಣ್ಣೆಯ ವಾಸನೆ ಬಂದರೆ ಮಾತ್ರ ಯಾವ ಮಸಾಲೆಯೂ ಅದನ್ನು ಮುಚ್ಚುವುದಿಲ್ಲ, ಅದನ್ನು ಎಸೆಯಬೇಕು.