ಫಾಸ್ಫೋ-ಇಆರ್‌ಕೆ ಬ್ಲಾಟ್: ಬ್ಯಾಂಡ್ ಮಾಯವಾಗುವುದು ಎಲ್ಲಿ?

ಹೀಲಾ ಕೋಶಗಳಿಗೆ (ಲ್ಯಾಬಿನಲ್ಲಿ ಬೆಳೆಸುವ ಮಾನವ ಕ್ಯಾನ್ಸರ್ ಕೋಶಗಳು) ಇಜಿಎಫ್ (ಬೆಳೆಯಲು ಸೂಚನೆ ಕೊಡುವ ಪ್ರೋಟೀನ್) ಹಾಕಿದರೆ ಐದು-ಹತ್ತು ನಿಮಿಷದಲ್ಲಿ ಇಆರ್‌ಕೆ ಎಂಬ ಪ್ರೋಟೀನಿನ ಮೇಲೆ ಫಾಸ್ಫೇಟ್ ತುಂಬುತ್ತದೆ. ಆಮೇಲೆ ಫಾಸ್ಫಟೇಸ್ ಎಂಬ ಕಿಣ್ವಗಳು ಅದನ್ನು ಕಿತ್ತುಹಾಕುತ್ತವೆ. ಫಾಸ್ಫೇಟ್ ಹೊತ್ತ ಇಆರ್‌ಕೆಯನ್ನು ಆಂಟಿಬಾಡಿಯಿಂದ ಹಿಡಿದು ಬ್ಯಾಂಡ್ ಆಗಿ ತೋರಿಸುವುದೇ ಫಾಸ್ಫೋ-ಇಆರ್‌ಕೆ ಬ್ಲಾಟ್. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೋ ಕಾಸರಗೋಡಿನ ಬೇರೆ ಲ್ಯಾಬಿಗೋ ಹೊಸದಾಗಿ ಪೋಸ್ಟ್‌ಡಾಕ್ ಸೇರಿದವರು ಬ್ಲಾಟ್ ಮಸುಕಾದ ಕೂಡಲೇ ಆಂಟಿಬಾಡಿಯನ್ನು ಬದಲಿಸಬೇಡಿ. ಮೊದಲು ಲೈಸಿಸ್ ಬಫರ್ (ಕೋಶಗಳನ್ನು ಒಡೆಯುವ ದ್ರಾವಣ) ನೋಡಿ.

ಅದರ ಜೀವಾಳ ಫಾಸ್ಫಟೇಸನ್ನು ತಡೆಯುವ ವೆನಡೇಟ್. ಸೋಡಿಯಂ ಆರ್ಥೋವೆನಡೇಟಿನ 200 ಮಿಲಿಮೋಲಾರ್ ದ್ರಾವಣವನ್ನು ಪಿಎಚ್ 10ಕ್ಕೆ ತಂದಾಗ ಹಳದಿ ಕಾಣಿಸಿದರೆ, ಬಣ್ಣ ಹೋಗುವವರೆಗೆ ಕುದಿಸಿ. ತಣಿಸಿ, ಪಿಎಚ್ ಮತ್ತೆ 10 ಮಾಡಿ. ಹಳದಿ ಮರಳಿದರೆ ಪುನಃ ಕುದಿಸಿ. ಹಳದಿ ಎಂದರೆ ವೆನಡೇಟ್ ಗುಂಪುಗೂಡಿದೆ ಎಂದರ್ಥ. ಟೈರೋಸಿನ್ ಫಾಸ್ಫಟೇಸನ್ನು ಚೆನ್ನಾಗಿ ತಡೆಯುವುದು ಬಿಡಿ ಅಣು. ಸಣ್ಣ ಟ್ಯೂಬುಗಳಿಗೆ ಹಂಚಿ ಮೈನಸ್ 20ರಲ್ಲಿಡಿ. ಬಫರಿನಲ್ಲಿ ವೆನಡೇಟ್ 1 ಮಿಲಿಮೋಲಾರ್, ಸೋಡಿಯಂ ಫ್ಲೋರೈಡ್ 10 ಮಿಲಿಮೋಲಾರ್ ಇರಲಿ. ಇಡಿಟಿಎ, ಡಿಟಿಟಿ ಬೇಡ, ಅವು ವೆನಡೇಟನ್ನು ಕೆಲಸಕ್ಕೆ ಬಾರದಂತೆ ಮಾಡುತ್ತವೆ. ಪಿಎಂಎಸ್‌ಎಫ್ (ಪ್ರೋಟೀನ್ ಕತ್ತರಿಸುವ ಕಿಣ್ವಗಳನ್ನು ತಡೆಯುವ ವಸ್ತು) ನೀರಿನಲ್ಲಿ ಬೇಗ ಕೆಡುವುದರಿಂದ ಅದು ಕೊನೆಗೆ.

ಆಟಿಯ ಮಳೆಗಾಲದಲ್ಲಿ ಇಜಿಎಫ್ ಪುಡಿಯ ವಯಲನ್ನು ಫ್ರೀಜರಿನಿಂದ ತೆಗೆದ ಕೂಡಲೇ ತೆರೆಯಬಾರದು, ತೇವ ಒಳಗೆ ಸೇರುತ್ತದೆ. ಕೋಣೆಯ ಬಿಸಿಗೆ ಬರಲಿ. ಕರಗಿಸುವಾಗ 0.1% ಬಿಎಸ್‌ಎ (ಹಸುವಿನ ಸೀರಂ ಪ್ರೋಟೀನ್) ಇದ್ದರೆ ಇಜಿಎಫ್ ಪ್ಲಾಸ್ಟಿಕ್ಕಿಗೆ ಅಂಟುವುದಿಲ್ಲ.

ಕೋಶಗಳನ್ನು ರಾತ್ರಿಯಿಡೀ ಸೀರಂ ಇಲ್ಲದೆ ಇಡಿ, ಏಕೆಂದರೆ ಸೀರಂ ಕೂಡ ಇಆರ್‌ಕೆಯನ್ನು ಏಳಿಸುತ್ತದೆ. ಮರುದಿನ ಪ್ರತಿ ಮಿಲಿಲೀಟರಿಗೆ 100 ನ್ಯಾನೊಗ್ರಾಂ ಇಜಿಎಫ್. 30 ನಿಮಿಷದ ವೆಲ್ಲಿಗೆ (ಪ್ಲೇಟಿನ ಗುಂಡಿ) ಮೊದಲು ಹಾಕಿ, ನಂತರ 10, 5, 2. ಹೀಗಾದರೆ ಎಲ್ಲವೂ ಒಟ್ಟಿಗೇ ಮುಗಿಯುತ್ತವೆ. ಸೊನ್ನೆ ನಿಮಿಷದ ವೆಲ್ಲಿಗೂ ಇಜಿಎಫ್ ಇಲ್ಲದ, 37 ಡಿಗ್ರಿಯ ಮೀಡಿಯಂ ಅಷ್ಟೇ ಹಾಕಿ, ಏಕೆಂದರೆ ಪ್ಲೇಟ್ ಅಲುಗಿದರೂ ಇಆರ್‌ಕೆ ಏಳುತ್ತದೆ. ಪ್ಲೇಟನ್ನು ಐಸ್ ಮೇಲಿಟ್ಟು ಮೀಡಿಯಂ ಹೀರಿ, ವೆನಡೇಟ್ ಬೆರೆಸಿದ ತಣ್ಣನೆಯ ಪಿಬಿಎಸ್‌ನಲ್ಲಿ (ಉಪ್ಪಿನ ಬಫರ್) ಒಮ್ಮೆ ತೊಳೆದು, 100 ಮೈಕ್ರೊಲೀಟರ್ ಬಫರ್ ಹಾಕಿ ಕೆರೆಯಿರಿ. ನಡುವೆ ಫೋನ್ ಎತ್ತಬೇಡಿ.

ಕೆರೆದ ಮೇಲೆ ಕೋಶದ ಚೂರುಗಳನ್ನು ಬೇರ್ಪಡಿಸುವ ಸೆಂಟ್ರಿಫ್ಯೂಜ್ ಕರೆಂಟು ಹೋಗಿ ನಿಂತರೆ ಕಾಯಬೇಡಿ. ಎಸ್‌ಡಿಎಸ್ (ಪ್ರೋಟೀನನ್ನು ಬಿಚ್ಚುವ ಡಿಟರ್ಜೆಂಟ್) ಇರುವ ಸ್ಯಾಂಪಲ್ ಬಫರ್ ಬೆರೆಸಿ ಬರ್ನರಿನ ಕುದಿನೀರಿನಲ್ಲಿ ಐದು ನಿಮಿಷ ಇಡಿ. ಫಾಸ್ಫಟೇಸ್ ಅಲ್ಲಿಗೆ ಸತ್ತಿತು. ಆದರೆ ಆಮೇಲೆ ಬಿಸಿಎ ಎಂಬ ಪ್ರೋಟೀನ್ ಅಳತೆ ನಂಬುವಂತಿಲ್ಲ, ಆದ್ದರಿಂದ ಕೋಶಗಳನ್ನು ಸಮನಾಗಿ ಬಿತ್ತಿರಬೇಕು.

ಬ್ಲಾಕಿಂಗಿಗೆ (ಆಂಟಿಬಾಡಿ ಎಲ್ಲೆಂದರಲ್ಲಿ ಅಂಟದಂತೆ ತಡೆಯಲು) ಟಿಬಿಎಸ್‌ಟಿ ಬಫರಿನಲ್ಲಿ 5% ಬಿಎಸ್‌ಎ, ಹಾಲು ಬೇಡ. ಹಾಲಿನ ಕೇಸೀನ್ ಸ್ವತಃ ಫಾಸ್ಫೇಟ್ ಹೊತ್ತ ಪ್ರೋಟೀನ್, ಹಿನ್ನೆಲೆ ಕಪ್ಪಾಗಬಹುದು. ಬ್ಯಾಂಡ್‌ಗಳು 42 ಮತ್ತು 44 ಕಿಲೋಡಾಲ್ಟನ್ ಬಳಿ ಬರುತ್ತವೆ. ಒಟ್ಟು ಇಆರ್‌ಕೆ ಬ್ಲಾಟನ್ನೂ ಮಾಡಲೇಬೇಕು. ಅದು ಸರಿಯಿದ್ದು ಫಾಸ್ಫೋ ಮಾತ್ರ ಇಲ್ಲದಿದ್ದರೆ ವೆನಡೇಟ್, ಇಜಿಎಫ್ ಅಥವಾ ಸಮಯ ತಪ್ಪಿದೆ. ಎರಡೂ ಮಸುಕಾದರೆ ಟ್ರಾನ್ಸ್‌ಫರ್ (ಜೆಲ್ಲಿನಿಂದ ಪೊರೆಗೆ ಪ್ರೋಟೀನ್ ದಾಟಿಸುವುದು) ಪರೀಕ್ಷಿಸಿ. ಸೊನ್ನೆ ನಿಮಿಷಕ್ಕೇ ಗಾಢ ಬ್ಯಾಂಡ್ ಬಂದರೆ ಸೀರಂ ಪೂರ್ತಿ ತೊಳೆದುಹೋಗಿಲ್ಲ ಅಥವಾ ಪ್ಲೇಟ್ ಅಲುಗಿದೆ.