ವೈನ್ ಹಾದಿಯಲ್ಲಿ ಒಂದು ದಿನ: ಮೂರು ವೈನರಿ, ಒಂದೇ ದ್ರಾಕ್ಷಿ

ದ್ರಾಕ್ಷಿ ತೋಟಗಳನ್ನೂ ವೈನ್ ತಯಾರಿಸುವ ವೈನರಿಗಳನ್ನೂ ಜೋಡಿಸುವ ವೈನ್ ಹಾದಿಗೆ ಹೊರಟವರು ಸಾಮಾನ್ಯವಾಗಿ ಕೇಳುವುದು, ಒಂದು ದಿನದಲ್ಲಿ ಎಷ್ಟು ವೈನರಿ ನೋಡಬಹುದು ಎಂದು. ಮೂರು ಸಾಕು. ನಾಲ್ಕನೆಯದಕ್ಕೆ ಕಾಲಿಡುವ ಹೊತ್ತಿಗೆ ನಾಲಿಗೆ ಒಗರು ಹಿಡಿದು ದಣಿದಿರುತ್ತದೆ, ಮೂಗು ಮಂದವಾಗಿರುತ್ತದೆ, ಬೆಳಿಗ್ಗೆ ಇಷ್ಟವಾದ ವೈನ್ ಯಾವ ತೋಟದ್ದೆಂಬುದು ಮರೆತಿರುತ್ತದೆ. ಮೂರನ್ನೇ ಸರಿಯಾಗಿ ಆರಿಸಿ, ಮೂರರಲ್ಲೂ ಒಂದೇ ತಳಿಯ ದ್ರಾಕ್ಷಿಯ ವೈನ್ ಕೇಳಿ ರುಚಿ ನೋಡಿದರೆ ಮಣ್ಣು, ಎತ್ತರ, ಗಾಳಿ ಮತ್ತು ತಯಾರಕರ ಕೈ ಹೇಗೆ ರುಚಿಯನ್ನು ಬದಲಿಸುತ್ತವೆ ಎಂಬುದು ಅನುಭವಕ್ಕೆ ಬರುತ್ತದೆ. ತೋಟದವರೆಗೆ ಹೋಗುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಇಲ್ಲ. ಬರೀ ಕುಡಿಯುವುದಾದರೆ ಮನೆಯಲ್ಲೇ ಕುಡಿಯಬಹುದು.

ಹಾದಿ ಮತ್ತು ದ್ರಾಕ್ಷಿಯ ಆಯ್ಕೆ

ಗುರುತು ಹಾಕಿದ ವೈನ್ ಹಾದಿಗಳು ಹಲವು ದೇಶಗಳಲ್ಲಿವೆ. ಜರ್ಮನಿಯ ಫಾಲ್ಟ್ಸ್ ಪ್ರಾಂತ್ಯದ ವೈನ್ ರಸ್ತೆ ಶುರುವಾದದ್ದು 1935ರಲ್ಲಿ. ಫ್ರಾನ್ಸ್ ಗಡಿಯ ಶ್ವೈಗನ್‌ನಿಂದ ಬೋಕೆನ್‌ಹೈಮ್‌ವರೆಗೆ ಸುಮಾರು 85 ಕಿ.ಮೀ. ಫ್ರಾನ್ಸಿನ ಅಲ್ಸಾಸ್ ಹಾದಿ 1953ರದ್ದು. ಮಾರ್ಲೆನ್‌ಹೈಮ್‌ನಿಂದ ಥಾನ್‌ವರೆಗೆ ಸುಮಾರು 170 ಕಿ.ಮೀ. ದಕ್ಷಿಣ ಆಫ್ರಿಕಾದ ಸ್ಟೆಲೆನ್‌ಬಾಶ್‌ನಲ್ಲಿ 1971ರಲ್ಲಿ ಮೂವರು ತೋಟದ ಮಾಲೀಕರು ಸೇರಿ ಅಲ್ಲಿನ ಹಾದಿಯನ್ನು ಆರಂಭಿಸಿದರು. ಕ್ಯಾಲಿಫೋರ್ನಿಯಾದ ನಾಪಾ ಕಣಿವೆಯಲ್ಲಿ ಸಿಲ್ವರಾಡೊ ಟ್ರೈಲ್ ಎಂಬ ರಸ್ತೆ ಮುಖ್ಯ ಹೆದ್ದಾರಿಗೆ ಸಮಾನಾಂತರವಾಗಿ ಸಾಗುತ್ತದೆ.

ಇಡೀ ಹಾದಿ ಮುಗಿಸಬೇಕೆಂಬ ಹಟ ಬೇಡ. 15ರಿಂದ 20 ಕಿ.ಮೀ. ಉದ್ದದ ಒಂದು ತುಂಡನ್ನು ಆರಿಸಿಕೊಳ್ಳಿ. ಆ ತುಂಡಿನಲ್ಲಿ ಮಣ್ಣು ಅಥವಾ ಎತ್ತರ ಬದಲಾಗುವಂತಿದ್ದರೆ ಇನ್ನೂ ಒಳ್ಳೆಯದು. ಅಲ್ಸಾಸ್‌ನಲ್ಲಿ ರೀಸ್ಲಿಂಗ್ ಎಂಬ ಬಿಳಿ ವೈನಿನ ತಳಿ ಹಿಡಿದು ಹೊರಟರೆ, ಕೈಸರ್ಸ್‌ಬೆರ್ಗ್ ಬಳಿಯ ಶ್ಲೋಸ್‌ಬೆರ್ಗ್ ಇಳಿಜಾರಿನಲ್ಲಿ ಗ್ರಾನೈಟ್ ನೆಲ, ಬೆರ್ಗ್‌ಹೈಮ್‌ನ ಆಲ್ಟೆನ್‌ಬೆರ್ಗ್‌ನಲ್ಲಿ ಸುಣ್ಣದ ಅಂಶದ ನೆಲ, ತೆಂಕಣ ತುದಿಯ ಥಾನ್‌ನ ರಾಂಗೆನ್‌ನಲ್ಲಿ ಜ್ವಾಲಾಮುಖಿಯ ಕಲ್ಲು. ಮೊದಲೆರಡು ಒಂದೇ ದಿನಕ್ಕೆ ಆಗುತ್ತವೆ, ರಾಂಗೆನ್ ದೂರ. ನಾಪಾದಲ್ಲಿ ಕ್ಯಾಬರ್ನೆ ಸುವಿನ್ಯೋ ಎಂಬ ಕೆಂಪು ವೈನಿನ ತಳಿ ಹಿಡಿದರೆ ಕಣಿವೆಯ ತಳದ ತೋಟ ಒಂದು, ಬೆಳಗಿನ ಮಂಜು ಏರದಷ್ಟು ಎತ್ತರದ ಹೋವೆಲ್ ಮೌಂಟನ್ ತೋಟ ಇನ್ನೊಂದು. ತಳಿ ಯಾವುದಾದರೂ ಆಗಬಹುದು, ಆ ಪ್ರದೇಶದವರು ಹೆಚ್ಚಾಗಿ ಬೆಳೆಯುವಂಥದ್ದಾಗಿರಬೇಕು ಅಷ್ಟೆ.

ಮೂರು ವೈನರಿಗಳಲ್ಲಿ ಒಂದು ದೊಡ್ಡದಿರಲಿ; ಯಂತ್ರಗಳು, ಸ್ಟೀಲ್ ಟ್ಯಾಂಕುಗಳು, ಬಾಟಲಿ ತುಂಬುವ ಸಾಲು ಎಲ್ಲವನ್ನೂ ಅಲ್ಲಿ ಕ್ರಮವಾಗಿ ತೋರಿಸುತ್ತಾರೆ. ಎರಡನೆಯದು ಮನೆಮಂದಿಯೇ ನಡೆಸುವ ಸಣ್ಣ ವೈನರಿ ಇರಲಿ. ಬಳ್ಳಿ ಸವರಿದವರೇ ವೈನ್ ಸುರಿದುಕೊಡುವ ಜಾಗ ಅದು, ಪ್ರಶ್ನೆಗೆ ನೇರ ಉತ್ತರ ಸಿಗುತ್ತದೆ. ಮೂರನೆಯದು ನಿಮ್ಮ ಇಷ್ಟ.

ಯಾವ ಕಾಲಕ್ಕೆ ಹೋಗಬೇಕು

ಉತ್ತರ ಗೋಳಾರ್ಧದಲ್ಲಿ ಕೊಯ್ಲು ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ, ದಕ್ಷಿಣದಲ್ಲಿ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ. ಎಲ್ಲರಿಗೂ ಆಗಲೇ ಹೋಗುವ ಆಸೆ. ಆದರೆ ಕೊಯ್ಲಿನಲ್ಲಿ ವೈನ್ ಮಾಡುವವರಿಗೆ ನಿದ್ದೆಗೂ ಪುರಸೊತ್ತಿರುವುದಿಲ್ಲ, ಸಣ್ಣ ವೈನರಿಗಳು ಬಾಗಿಲು ಹಾಕುವುದೂ ಉಂಟು. ಮಾತಾಡಿ ಕಲಿಯಬೇಕೆಂದಿದ್ದರೆ ಕೊಯ್ಲಿಗೆ ನಾಲ್ಕಾರು ವಾರ ಮೊದಲು, ಕಾಯಿ ಬಣ್ಣ ತಿರುಗುವ ಹೊತ್ತಿಗೆ ಹೋಗಿ. ತೋಟ ಹಸಿರಾಗಿರುತ್ತದೆ, ಗೊಂಚಲು ಕಣ್ಣಿಗೆ ಕಾಣುತ್ತದೆ, ಜನಕ್ಕೂ ಬಿಡುವಿರುತ್ತದೆ. ಫಾಲ್ಟ್ಸ್‌ಗೆ ಹೋಗುವವರಿಗೆ ಇನ್ನೊಂದು ಅನುಕೂಲ: ಆಗಸ್ಟ್‌ನ ಕೊನೆಯ ಭಾನುವಾರ ಅಲ್ಲಿನ ವೈನ್ ರಸ್ತೆಯಲ್ಲಿ ಮೋಟಾರು ವಾಹನ ಬಿಡುವುದಿಲ್ಲ, ಆ ದಿನ ರಸ್ತೆಯೆಲ್ಲ ಸೈಕಲ್ ತುಳಿಯುವವರದು, ನಡೆಯುವವರದು.

ಸಮಯ ಹೊಂದಿಸುವುದು

ಬುಕಿಂಗ್ ಮಾಡದೆ ಹೋಗಬೇಡಿ. ನಾಪಾದ ಬಹುಪಾಲು ವೈನರಿಗಳಿಗೆ ಮುಂಗಡ ಸಮಯ ಬೇಕು. ಫ್ರಾನ್ಸಿನ ಹಳ್ಳಿಗಳಲ್ಲಿ ಮಧ್ಯಾಹ್ನ 12ರಿಂದ 2ರವರೆಗೆ ಬಾಗಿಲು ಮುಚ್ಚಿರುವುದು ಸಾಮಾನ್ಯ, ಭಾನುವಾರ ತೆರೆದಿರುತ್ತದೆಂಬ ನಂಬಿಕೆಯೂ ಬೇಡ. ಬುಕ್ ಮಾಡುವಾಗ ನಾಲ್ಕು ವಿಷಯ ಕೇಳಿಕೊಳ್ಳಿ: ತೋಟ ಮತ್ತು ನೆಲಮಾಳಿಗೆ ತೋರಿಸುತ್ತೀರಾ ಅಥವಾ ಟೇಸ್ಟಿಂಗ್ ಮಾತ್ರವೇ, ಎಷ್ಟು ವೈನ್ ಕೊಡುತ್ತೀರಿ, ಶುಲ್ಕ ಎಷ್ಟು, ಬಾಟಲಿ ಕೊಂಡರೆ ಶುಲ್ಕ ಬಿಡುತ್ತೀರಾ.

ಮೊದಲ ಭೇಟಿ ಬೆಳಿಗ್ಗೆ 10.30ಕ್ಕೆ, ಎರಡನೆಯದು ಊಟಕ್ಕೆ ಮುಂಚೆ 12ಕ್ಕೆ (ಆಗ ಬಾಗಿಲು ಮುಚ್ಚದ ಕಡೆ) ಅಥವಾ ಊಟವಾದ ಮೇಲೆ 2ಕ್ಕೆ, ಮೂರನೆಯದು 3.30ಕ್ಕೆ ಇಟ್ಟುಕೊಳ್ಳಿ. ಒಂದೊಂದಕ್ಕೆ ಒಂದರಿಂದ ಒಂದೂವರೆ ಗಂಟೆ ಬೇಕು. ನಡುವಿನ ಪ್ರಯಾಣಕ್ಕೆ ನಕ್ಷೆ ತೋರಿಸುವ ಸಮಯದ ಮೇಲೆ ಇನ್ನರ್ಧ ಸೇರಿಸಿ. ತೋಟದ ರಸ್ತೆಗಳು ಕಿರಿದು, ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡರೆ ದಾಟಲು ಜಾಗವೇ ಇರುವುದಿಲ್ಲ. ಅತಿ ದೂರದ ವೈನರಿಗೆ ಮೊದಲು ಹೋಗಿ, ಉಳಿದುಕೊಳ್ಳುವ ಊರಿನ ಕಡೆಗೆ ಹಿಂತಿರುಗುತ್ತ ಬನ್ನಿ. ದಣಿದಾಗ ಮುಂದಿರುವ ದಾರಿ ಚಿಕ್ಕದಿರಬೇಕು.

ಗುಟುಕಿನ ಲೆಕ್ಕ

ಹೆಚ್ಚಿನವರು ತಪ್ಪುವುದು ಇಲ್ಲಿ, ಅದಕ್ಕೇ ನಿಧಾನವಾಗಿ ಓದಿ. ಟೇಸ್ಟಿಂಗ್‌ನಲ್ಲಿ ಸುರಿಯುವುದು ಸುಮಾರು 30 ಮಿ.ಲೀ. ನೋಡಲು ಏನೇನೂ ಅಲ್ಲ. ಆದರೆ ವೈನರಿಗೆ ಆರು ವೈನ್, ಮೂರು ವೈನರಿ ಎಂದರೆ 540 ಮಿ.ಲೀ.; 750 ಮಿ.ಲೀ.ನ ಬಾಟಲಿಯ ಮುಕ್ಕಾಲಿಗೆ ಸ್ವಲ್ಪವೇ ಕಡಿಮೆ. ವೈನ್ ಶೇ 13ರದ್ದಾದರೆ ಅದರಲ್ಲಿ ಶುದ್ಧ ಆಲ್ಕೊಹಾಲ್ ಸುಮಾರು 55 ಗ್ರಾಂ. ದೇಹ ಗಂಟೆಗೆ ಕರಗಿಸುವುದು ಹೆಚ್ಚೂಕಡಿಮೆ 7ರಿಂದ 10 ಗ್ರಾಂ. ಅಂದರೆ ಎಲ್ಲವನ್ನೂ ನುಂಗಿದವರ ರಕ್ತದಿಂದ ಅದು ಪೂರ್ತಿ ಇಳಿಯಲು ಮೊದಲ ಗುಟುಕಿನಿಂದ ಲೆಕ್ಕ ಹಿಡಿದರೂ ಆರರಿಂದ ಎಂಟು ಗಂಟೆ ಬೇಕು. ಕಾಫಿ, ತಣ್ಣೀರು ಸ್ನಾನ, ಭರ್ಜರಿ ಊಟ ಯಾವುದೂ ಇದನ್ನು ಬೇಗ ಮಾಡುವುದಿಲ್ಲ.

ಫ್ರಾನ್ಸ್, ಜರ್ಮನಿಗಳಲ್ಲಿ ಚಾಲಕರಿಗೆ ಮಿತಿ ಲೀಟರ್ ರಕ್ತಕ್ಕೆ 0.5 ಗ್ರಾಂ. ಫ್ರಾನ್ಸಿನಲ್ಲಿ ಹೊಸ ಲೈಸೆನ್ಸಿನವರಿಗೆ 0.2, ಜರ್ಮನಿಯಲ್ಲಿ 21 ವರ್ಷದೊಳಗಿನವರಿಗೆ ಸೊನ್ನೆ. ಮಿತಿಯೊಳಗಿದ್ದೇನೆ ಎಂದು ಅಂದಾಜಿನಲ್ಲಿ ಗಾಡಿ ಓಡಿಸುವುದು ಬೇಡವೇ ಬೇಡ. ಗುಂಪಿನಲ್ಲಿ ಒಬ್ಬರು ಆ ದಿನ ಕುಡಿಯುವುದಿಲ್ಲವೆಂದು ಮುಂಚೆಯೇ ಒಪ್ಪಿಕೊಳ್ಳಬೇಕು, ಇಲ್ಲವೇ ಚಾಲಕರಿರುವ ಗಾಡಿ ಗೊತ್ತುಮಾಡಬೇಕು. ಸೈಕಲ್ ಆದರೂ ಕುಡಿದು ಓಡಿಸಿದರೆ ಬೀಳುವ ಅಪಾಯ ಇದ್ದೇ ಇದೆ.

ಕುಡಿಯುವವರೂ ಉಗುಳಲು ಕಲಿಯಬೇಕು. ಮೇಜಿನ ಮೇಲೆ ಇಟ್ಟಿರುವ ಪಾತ್ರೆ ಅದಕ್ಕೆಂದೇ ಇರುವುದು, ಅದನ್ನು ಬಳಸಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ವೈನ್ ಮಾಡುವವರು ದಿನವೂ ಮಾಡುವುದು ಅದನ್ನೇ. ತುಟಿ ಚೂಪು ಮಾಡಿ, ಪಾತ್ರೆಗೆ ಬಾಗಿ, ಒಂದೇ ಸಲಕ್ಕೆ ಬಿಡಿ. ಹಿಂದಿನ ದಿನ ಮನೆಯಲ್ಲಿ ನೀರಿನಲ್ಲಿ ಅಭ್ಯಾಸ ಮಾಡಿಕೊಂಡರೆ ಅಂಗಿಗೆ ಕಲೆಯಾಗುವುದು ತಪ್ಪುತ್ತದೆ. ಉಗುಳಿದರೂ ಒಂದಿಷ್ಟು ಒಳಗೆ ಸೇರುತ್ತದೆ ಎಂಬುದು ನೆನಪಿರಲಿ, ಆದ್ದರಿಂದ ಚಾಲಕರಿಗೆ ಇದು ಪರಿಹಾರವಲ್ಲ.

ಹೊಟ್ಟೆ ತುಂಬ ತಿಂಡಿ ತಿಂದು ಹೊರಡಿ. ಪ್ರತಿ ವೈನರಿಯಲ್ಲೂ ಅರ್ಧ ಲೀಟರ್ ನೀರು ಕುಡಿಯಿರಿ. ಸೆಂಟು, ಘಮಘಮಿಸುವ ಕೂದಲೆಣ್ಣೆ, ಕ್ರೀಮು ಆ ದಿನ ಬೇಡ. ಪಕ್ಕದವರ ಮೂಗನ್ನೂ ಅವು ಕೆಡಿಸುತ್ತವೆ.

ತೋಟ, ನೆಲಮಾಳಿಗೆ

ಅನುಮತಿ ಇಲ್ಲದೆ ಬಳ್ಳಿಗಳ ಸಾಲಿಗೆ ಇಳಿಯಬೇಡಿ. ಇದು ಬರೀ ಶಿಷ್ಟಾಚಾರದ ಮಾತಲ್ಲ. ಬೇರು ತಿನ್ನುವ ಫಿಲಾಕ್ಸೆರಾ ಎಂಬ ಅತಿ ಸಣ್ಣ ಕೀಟ 19ನೇ ಶತಮಾನದ ಉತ್ತರಾರ್ಧದಲ್ಲಿ ಯುರೋಪಿನ ದ್ರಾಕ್ಷಿ ತೋಟಗಳನ್ನು ನೆಲಸಮ ಮಾಡಿತು. ಅದು ಚಪ್ಪಲಿ, ಶೂಗಳ ಮಣ್ಣಿನಲ್ಲಿ ಸಾಗುತ್ತದೆ. ಆ ಕೀಟ ಇನ್ನೂ ಕಾಲಿಡದ ದಕ್ಷಿಣ ಆಸ್ಟ್ರೇಲಿಯಾದಂಥ ಕಡೆ ಈ ಬಗ್ಗೆ ಬಲು ಕಟ್ಟುನಿಟ್ಟು. ಒಂದು ತೋಟದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಶೂ ತಳದ ಮಣ್ಣನ್ನು ಬ್ರಷ್‌ನಿಂದ ಉಜ್ಜಿ ತೆಗೆಯಿರಿ.

ತೋಟದೊಳಗೆ ಬಿಟ್ಟರೆ ನೋಡಬೇಕಾದದ್ದು ಬಹಳ ಇದೆ. ಇಳಿಜಾರು ಯಾವ ದಿಕ್ಕಿಗೆ ಮುಖ ಮಾಡಿದೆ, ಬಳ್ಳಿಯ ಬುಡ ಎಷ್ಟು ದಪ್ಪ, ಹನಿ ನೀರಾವರಿಯ ಪೈಪು ಇದೆಯೇ, ಸಾಲುಗಳ ನಡುವೆ ಹುಲ್ಲು ಬಿಟ್ಟಿದ್ದಾರೆಯೇ ಎಂದು ಗಮನಿಸಿ. ನಂತರ ಗ್ಲಾಸಿನಲ್ಲಿ ಸಿಗುವ ರುಚಿಗೆ ಕಾರಣ ಇಲ್ಲೇ ಕಣ್ಣಿಗೆ ಬಿದ್ದಿರುತ್ತದೆ. ನೀರು ಕಡಿಮೆ ಸಿಕ್ಕ ಬಳ್ಳಿಯ ಹಣ್ಣು ಸಣ್ಣದು, ರಸಕ್ಕೆ ಹೋಲಿಸಿದರೆ ಸಿಪ್ಪೆ ಹೆಚ್ಚು, ಹಾಗಾಗಿ ಕೆಂಪು ವೈನಿನಲ್ಲಿ ಬಣ್ಣವೂ ಒಗರೂ ಹೆಚ್ಚು.

ನೆಲಮಾಳಿಗೆಯಲ್ಲಿ ತಾಪಮಾನ 12ರಿಂದ 14 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಹೊರಗೆ ಸುಡು ಬಿಸಿಲಿದ್ದರೂ ಸ್ವೆಟರ್ ಬೇಕು. ನೆಲ ಒದ್ದೆ, ಹೀಲ್ಸ್ ಹಾಕಿ ಹೋಗಬೇಡಿ. ಕೊಯ್ಲಿನ ಕಾಲವಾದರೆ ಒಂದು ಎಚ್ಚರ: ಒಂದು ಲೀಟರ್ ರಸ ಹುದುಗಿದಾಗ ಸುಮಾರು 50 ಲೀಟರ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಗಾಳಿಗಿಂತ ಭಾರವಾದ ಅದು ತಗ್ಗಿನಲ್ಲಿ ನಿಲ್ಲುತ್ತದೆ. ಕರೆದೊಯ್ಯುವವರನ್ನು ಬಿಟ್ಟು ಒಬ್ಬರೇ ಒಳಗೆ ಹೋಗುವುದು, ಟ್ಯಾಂಕಿಗೆ ತಲೆ ಹಾಕಿ ಮೂಸುವುದು ಜೀವಕ್ಕೇ ಕುತ್ತು. ಮಕ್ಕಳ ಕೈ ಬಿಡಬೇಡಿ.

ಪೀಪಾಯಿಗಳ ಮುಂದೆ ನಿಂತಾಗ ಕೇಳಬೇಕಾದ ಪ್ರಶ್ನೆ, ಇವುಗಳಲ್ಲಿ ಹೊಸವು ಎಷ್ಟು ಎಂಬುದು. ಫ್ರಾನ್ಸಿನ ವೈನ್ ಪ್ರದೇಶವಾದ ಬೋರ್ಡೊ ಮಾದರಿಯ ಪೀಪಾಯಿ 225 ಲೀಟರಿನದು, 300 ಬಾಟಲಿಯಷ್ಟು. ಹೊಸ ಓಕ್ ವೆನಿಲ್ಲಾ, ಲವಂಗ, ಸುಟ್ಟ ಮರದ ಘಮ ಕೊಡುತ್ತದೆ. ಮೂರ್ನಾಲ್ಕು ಸಲ ಬಳಸಿದ ಪೀಪಾಯಿ ಹೆಚ್ಚೇನೂ ಕೊಡುವುದಿಲ್ಲ. ಬೆಲೆಯ ವ್ಯತ್ಯಾಸಕ್ಕೆ ಕಾರಣ ಎಷ್ಟೋ ಸಲ ಈ ಉತ್ತರದಲ್ಲೇ ಇರುತ್ತದೆ.

ರುಚಿ ನೋಡುವ ಕ್ರಮ

ನೊರೆವೈನ್, ತೆಳು ಬಿಳಿ, ಗಟ್ಟಿ ಬಿಳಿ, ರೋಸೆ (ಗುಲಾಬಿ ಬಣ್ಣದ ವೈನ್), ತೆಳು ಕೆಂಪು, ಒಗರಿನ ಕೆಂಪು, ಕೊನೆಗೆ ಸಿಹಿ. ಈ ಕ್ರಮ ತಪ್ಪಿದರೆ ಸಿಹಿಯ ಮೇಲೆ ಬಂದ ಬಿಳಿ ವೈನ್ ಬರೀ ಹುಳಿಯೆನಿಸುತ್ತದೆ. ಹತ್ತು ಬಗೆಯ ಪಟ್ಟಿ ಮುಂದಿಟ್ಟರೆ ನಿಮ್ಮ ತಳಿಯ ಎರಡು ಮೂರು, ಬೇರೆಯವು ಎರಡು ಮೂರು ಆರಿಸಿ. ಬೇಡವೆನ್ನುವುದಕ್ಕೆ ಸಂಕೋಚ ಬೇಡ.

ಗ್ಲಾಸನ್ನು ಬಟ್ಟಲಿನ ಕೆಳಗಿನ ಕಡ್ಡಿಯಂಥ ಭಾಗದಲ್ಲಿ ಹಿಡಿಯಿರಿ. ಬಿಳಿ ಕಾಗದದ ಮೇಲೆ ಓರೆ ಮಾಡಿ ಬಣ್ಣ ನೋಡಿ: ಬಿಳಿ ವೈನ್ ವಯಸ್ಸಾದಂತೆ ಹೊನ್ನಿನತ್ತ, ಕೆಂಪು ಇಟ್ಟಿಗೆ ಬಣ್ಣದತ್ತ ತಿರುಗುತ್ತದೆ. ಗ್ಲಾಸಿನ ಗೋಡೆಯ ಮೇಲೆ ಇಳಿಯುವ ಧಾರೆಗಳು ಆಲ್ಕೊಹಾಲ್, ಸಕ್ಕರೆಯ ಸೂಚನೆಯೇ ಹೊರತು ಗುಣದ್ದಲ್ಲ. ಮೊದಲು ಅಲುಗಾಡಿಸದೆ ಮೂಸಿ, ಆಮೇಲೆ ತಿರುಗಿಸಿ ಇನ್ನೊಮ್ಮೆ ಮೂಸಿ. ಸಣ್ಣ ಗುಟುಕು ತೆಗೆದುಕೊಂಡು, ಬಾಯೆಲ್ಲ ಆಡಿಸಿ, ತುಟಿಗಳ ನಡುವಿನಿಂದ ಸ್ವಲ್ಪ ಗಾಳಿ ಎಳೆದುಕೊಳ್ಳಿ. ಉಗುಳಿದ ಮೇಲೆ ಕೆನ್ನೆಯೊಳಗೆ ನೀರೂರಿದರೆ ಹುಳಿ ಚೆನ್ನಾಗಿದೆ ಎಂದು ಅರ್ಥ. ವಸಡು ಒಣಗಿ ಹಿಡಿದಂತಾದರೆ ಅದು ಒಗರು. ರುಚಿ ಎಷ್ಟು ಹೊತ್ತು ಉಳಿಯುತ್ತದೆಂದು ಮನಸ್ಸಿನಲ್ಲೇ ಎಣಿಸಿ.

ವೈನ್ ತೀರಾ ತಣ್ಣಗಿದ್ದರೆ ಘಮ ಏಳುವುದಿಲ್ಲ, ಒಗರು ಚುಚ್ಚುತ್ತದೆ. ಗ್ಲಾಸನ್ನು ಎರಡು ನಿಮಿಷ ಅಂಗೈಯಲ್ಲಿ ಹಿಡಿದರೆ ಸರಿಹೋಗುತ್ತದೆ. ಬಿಳಿಗೆ 8ರಿಂದ 12, ಕೆಂಪಿಗೆ 14ರಿಂದ 18 ಡಿಗ್ರಿ ಹದ.

ನಾಲಿಗೆ ದಣಿಯುವುದು ಏಕೆಂದರೆ ಒಗರಿನ ಅಂಶ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಗುಟುಕಿನ ಮೇಲೆ ಗುಟುಕು ಬಿದ್ದಂತೆ ಕೂಡಿಕೊಳ್ಳುತ್ತ ಹೋಗುತ್ತದೆ. ನೀರಷ್ಟೇ ಸಾಲದು, ಉಪ್ಪಿಲ್ಲದ ಸಾದಾ ಬ್ರೆಡ್ ತುಂಡು ತಿಂದು ಐದು ನಿಮಿಷ ಬಿಡಿ. ಚೀಸ್ ತಟ್ಟೆ ಇಟ್ಟರೆ ಮೊದಲು ವೈನನ್ನು ಬರಿಬಾಯಲ್ಲಿ ನೋಡಿ. ಕೊಬ್ಬು ಒಗರನ್ನು ಮರೆಸುತ್ತದೆ, ಚೀಸ್ ಜೊತೆ ಹಿತವೆನಿಸಿದ ಒರಟು ವೈನನ್ನು ಕೊಂಡು ಆಮೇಲೆ ಪಶ್ಚಾತ್ತಾಪ ಪಡುವವರು ಬಹಳ.

ಪ್ರತಿ ವೈನಿಗೂ ಅಲ್ಲೇ ಬರೆದುಕೊಳ್ಳಿ: ತಳಿ, ವರ್ಷ, ತೋಟ, ಹುಳಿ, ಒಗರು, ಘಮದ ಬಗ್ಗೆ ಮೂರು ಮಾತು, ಕೊಳ್ಳಬೇಕೇ ಬೇಡವೇ. ಲೇಬಲ್ ಫೋಟೊ ಜೊತೆಗಿರಲಿ, ಆದರೆ ಫೋಟೊ ಒಂದರಿಂದಲೇ ರುಚಿ ನೆನಪಾಗುವುದಿಲ್ಲ.

ವೈನ್ ಕೆಟ್ಟಿದ್ದರೆ ಹೇಳಿ. ಒದ್ದೆ ರಟ್ಟಿನ ವಾಸನೆ ಬಂದು ಹಣ್ಣಿನ ಘಮವೇ ಇಲ್ಲದಿದ್ದರೆ ಅದು ಬಿರಡೆಯ ದೋಷ. ಬಿಳಿ ವೈನ್ ಕಂದು ತಿರುಗಿ, ಕತ್ತರಿಸಿಟ್ಟ ಸೇಬಿನ ವಾಸನೆ ಬಂದರೆ ಗಾಳಿ ತಗುಲಿದೆ, ಬಹುಶಃ ಹಿಂದಿನ ದಿನ ತೆರೆದ ಬಾಟಲಿ. ವಿನೆಗರ್ ಅಥವಾ ನೇಲ್ ಪಾಲಿಶ್ ವಾಸನೆ ಬ್ಯಾಕ್ಟೀರಿಯಾದ ಕೆಲಸ. ಸುಟ್ಟ ಬೆಂಕಿಕಡ್ಡಿಯ ವಾಸನೆ ಮಾತ್ರ ಗ್ಲಾಸ್ ತಿರುಗಿಸಿದರೆ ಹಲವು ಸಲ ಹೋಗುತ್ತದೆ. ಒಳ್ಳೆಯ ವೈನರಿಯವರು ಮಾತಾಡದೆ ಹೊಸ ಬಾಟಲಿ ತೆರೆಯುತ್ತಾರೆ.

ಕೊಳ್ಳುವುದು, ಸಾಗಿಸುವುದು

ಊರಿನ ಅಂಗಡಿಯಲ್ಲಿ ಸಿಗುವುದನ್ನು ಇಲ್ಲಿಂದ ಹೊರಬೇಡಿ. ವೈನರಿಯಲ್ಲಿ ಮಾತ್ರ ಮಾರುವ ಸಣ್ಣ ತೋಟದ ವೈನ್, ಹಳೆಯ ವರ್ಷದ ವೈನ್ ಇದೆಯೇ ಎಂದು ಕೇಳಿ. ತುಂಬಿದ ಬಾಟಲಿ 1.2ರಿಂದ 1.5 ಕೆ.ಜಿ. ತೂಗುತ್ತದೆ, ವಿಮಾನದ ಲಗೇಜ್ ಮಿತಿಯನ್ನು ಮೊದಲೇ ಲೆಕ್ಕ ಹಾಕಿ. ಕೈಚೀಲದಲ್ಲಿ ಬಿಡುವುದಿಲ್ಲ, ಒಂದೊಂದನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬಟ್ಟೆ ಸುತ್ತಿ, ಸೂಟ್‌ಕೇಸಿನ ನಡುವೆ ಇಡಿ. ಎಷ್ಟು ಲೀಟರಿಗೆ ಸುಂಕವಿಲ್ಲ ಎಂಬುದನ್ನು ಇಳಿಯುವ ದೇಶದ ಕಸ್ಟಮ್ಸ್ ನಿಯಮದಲ್ಲಿ ನೋಡಿಕೊಳ್ಳಿ.

ಹಾದಿಯಲ್ಲಿ ವೈನನ್ನು ಹಾಳುಮಾಡುವುದು ಬಿಸಿ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಒಂದೆರಡು ಗಂಟೆ ಸಾಕು. ದ್ರವ ಹಿಗ್ಗಿ ಬಿರಡೆಯನ್ನು ಮೇಲಕ್ಕೆ ತಳ್ಳುತ್ತದೆ, ಹಣ್ಣಿನ ತಾಜಾತನ ಹೋಗಿ ಬೇಯಿಸಿದ ಜಾಮಿನ ರುಚಿ ಬರುತ್ತದೆ. ಐಸ್ ಪ್ಯಾಕ್ ಹಾಕಿದ ಕೂಲರ್ ಬಾಕ್ಸ್ ಒಯ್ಯಿರಿ, ಇಲ್ಲವೇ ಕೊಂಡದ್ದನ್ನು ವೈನರಿಯಲ್ಲೇ ಬಿಟ್ಟು ಸಂಜೆ ಬಂದು ತೆಗೆದುಕೊಳ್ಳುತ್ತೇನೆಂದು ಹೇಳಿ, ಸಾಮಾನ್ಯವಾಗಿ ಒಪ್ಪುತ್ತಾರೆ.

ಮನೆ ಸೇರಿದ ಮೇಲೆ ಬಿರಡೆಯಿರುವ ಬಾಟಲಿಗಳನ್ನು ಕತ್ತಲ ತಂಪು ಜಾಗದಲ್ಲಿ ಅಡ್ಡ ಮಲಗಿಸಿ. ಒಂದೊಂದರ ಕುತ್ತಿಗೆಯನ್ನೂ ಬೆರಳಿನಿಂದ ಸವರಿ ನೋಡಿ: ಬಿರಡೆ ಉಬ್ಬಿದ್ದರೆ ಅಥವಾ ಅಂಚಿನಲ್ಲಿ ಜಿಗುಟಿದ್ದರೆ ಅದನ್ನು ಇಡಬೇಡಿ, ಮೊದಲು ತೆರೆಯಬೇಕಾದದ್ದು ಅದೇ.